ನುಡಿಗಟ್ಟು ಗೊತ್ತು, ಆಡುವ ಹೊತ್ತು ಗೊತ್ತಿಲ್ಲ

ಧಾರವಾಡದ ಪುಸ್ತಕದಂಗಡಿಗಳಲ್ಲಿ ಸಿಗುವ ಎಫ್‌ಡಿಎ, ಎಸ್‌ಡಿಎ ನೇಮಕಾತಿ ಪರೀಕ್ಷೆಗಳ ಗೈಡುಗಳನ್ನು ತೆರೆದರೆ ಇಂಗ್ಲಿಷ್ ನುಡಿಗಟ್ಟುಗಳ ಉದ್ದನೆಯ ಪಟ್ಟಿ ಕಾಣುತ್ತದೆ. ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’, ‘ಬರ್ನ್ ದ ಮಿಡ್‌ನೈಟ್ ಆಯಿಲ್’, ‘ಕಿಕ್ ದ ಬಕೆಟ್’, ಪಕ್ಕದಲ್ಲೇ ಅರ್ಥ. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಲು ಅಷ್ಟು ಸಾಕು. ಆದರೆ ಇದನ್ನೇ ಕಲಿಕೆಯೆಂದು ನಂಬಿಸಿ ನಮ್ಮ ಹುಡುಗ ಹುಡುಗಿಯರಿಗೆ ಅನ್ಯಾಯ ಮಾಡುತ್ತಿದ್ದೇವೆ. ಹೀಗೆ ಬಾಯಿಪಾಠ ಮಾಡಿದವರು ನಾಳೆ ಕೆಲಸಕ್ಕೆ ಸೇರಿ, ಸಲೀಸಾಗಿ ಇಂಗ್ಲಿಷ್ ಮಾತಾಡುವವರ ನಡುವೆ ಕೂತಾಗ ಕಂಗಾಲಾಗುತ್ತಾರೆ.

ಈ ಕೊರತೆ ನೀಗಿಸಲು ಬಂದ ಪುಸ್ತಕಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಮೈಕಲ್ ಮೆಕಾರ್ತಿ ಮತ್ತು ಫೆಲಿಸಿಟಿ ಓಡೆಲ್ ಬರೆದ ‘ಇಂಗ್ಲಿಷ್ ಈಡಿಯಮ್ಸ್ ಇನ್ ಯೂಸ್’. ಕೇಂಬ್ರಿಜ್ ಯೂನಿವರ್ಸಿಟಿ ಪ್ರೆಸ್ 2002ರಲ್ಲಿ ಹೊರತಂದದ್ದು. ಒಟ್ಟು 60 ಪಾಠ. ಪ್ರತಿ ಪಾಠದಲ್ಲೂ ಎಡ ಪುಟಕ್ಕೆ ವಿವರಣೆ, ಬಲ ಪುಟಕ್ಕೆ ಅಭ್ಯಾಸ, ಪುಸ್ತಕದ ಕೊನೆಗೆ ಉತ್ತರ. ಮೇಷ್ಟ್ರಿಲ್ಲದೆ ಕಲಿಯುವವರಿಗೆ ಇದು ದೊಡ್ಡ ಅನುಕೂಲ.

ಇದರ ನಿಜವಾದ ಬಲ ಇರುವುದು ಆಯ್ಕೆಯಲ್ಲಿ. ಮೆಕಾರ್ತಿ ಅವರು ಭಾಷಾತಜ್ಞ ರೊನಾಲ್ಡ್ ಕಾರ್ಟರ್ ಜೊತೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜನರ ದಿನನಿತ್ಯದ ಮಾತನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ, ಸುಮಾರು 50 ಲಕ್ಷ ಪದಗಳ ಸಂಗ್ರಹ ಕಟ್ಟಿದವರು. ಯಾವುದು ಬಳಕೆಯಲ್ಲಿದೆ, ಯಾವುದು ಪುಸ್ತಕಗಳಲ್ಲಷ್ಟೇ ಉಳಿದಿದೆ ಎಂಬುದು ಅವರಿಗೆ ಎಣಿಕೆಯಿಂದಲೇ ಗೊತ್ತು. 1998ರಲ್ಲಿ ಭಾಷಾತಜ್ಞೆ ರೋಸಮಂಡ್ ಮೂನ್ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತ್ತು: ‘ಕಿಕ್ ದ ಬಕೆಟ್’ನಂಥ ಹೆಸರುವಾಸಿ ನುಡಿಗಟ್ಟುಗಳು ನಿಜವಾದ ಬಳಕೆಯಲ್ಲಿ ತೀರಾ ಅಪರೂಪ. ನಮ್ಮ ಗೈಡುಗಳು ಇಂದಿಗೂ ಅವನ್ನೇ ಮುಂದಿಟ್ಟುಕೊಂಡು ಕೂತಿವೆ.

ಹಾಗಂತ ಪುಸ್ತಕಕ್ಕೆ ಪೂರ್ತಿ ಅಂಕ ಕೊಡಲಾರೆ. ಒಂದೇ ಪದವಿರುವ ನುಡಿಗಟ್ಟುಗಳನ್ನು ಒಂದೇ ಪಾಠದಲ್ಲಿ ಗುಡ್ಡೆ ಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ‘ಹ್ಯಾಂಡ್’ ಇರುವುದನ್ನೆಲ್ಲ ಒಟ್ಟಿಗೆ ಓದಿದವರಿಗೆ ‘ಔಟ್ ಆಫ್ ಹ್ಯಾಂಡ್’ ಯಾವುದು, ‘ಹ್ಯಾಂಡ್ಸ್ ಫುಲ್’ ಯಾವುದು ಎಂದು ಮರುದಿನ ಕಲಸುಮೇಲೋಗರವಾಗುತ್ತದೆ.

ಅದಕ್ಕಿಂತ ದೊಡ್ಡ ಕೊರತೆ ದನಿಯದು. ಬೆಂಗಳೂರಿನ ಒಂದು ಐಟಿ ಕಚೇರಿಯನ್ನು ಊಹಿಸಿಕೊಳ್ಳಿ. ಹೊಸದಾಗಿ ಸೇರಿದವಳು, ‘ನಿನ್ನೆ ರಾತ್ರಿಯೆಲ್ಲ ಸರ್ವರ್ ಕೈಕೊಟ್ಟಿತು’ ಎನ್ನುತ್ತಾಳೆ. ಆ ಕಡೆಯಿಂದ ಲಂಡನ್ನಿನ ಸಹೋದ್ಯೋಗಿ, ‘ಟೆಲ್ ಮಿ ಅಬೌಟ್ ಇಟ್!’ ಎನ್ನುತ್ತಾನೆ. ಈಕೆ ಆದದ್ದನ್ನೆಲ್ಲ ಮೊದಲಿಂದ ವಿವರಿಸತೊಡಗುತ್ತಾಳೆ. ಅವನು ಕೇಳಿದ್ದು ವಿವರವನ್ನಲ್ಲ. ‘ನನ್ನದೂ ಅದೇ ಪಾಡು’ ಎಂದು ಹಲುಬಿದ್ದು. ಈ ವ್ಯತ್ಯಾಸ ಇರುವುದು ದನಿಯ ಏರಿಳಿತದಲ್ಲಿ. ಅಚ್ಚಿನ ಪುಟದಿಂದ ಅದು ಕಿವಿಗೆ ಬೀಳುವುದಿಲ್ಲ. ಸಂದರ್ಭವೂ ಅರ್ಥ ಬದಲಿಸುತ್ತದೆ. ‘ಐ ಆಮ್ ಗುಡ್’ ಎಂದರೆ ಒಮ್ಮೆ ‘ಚೆನ್ನಾಗಿದ್ದೇನೆ’, ಕಾಫಿ ಕೊಡಲು ಬಂದವರ ಮುಂದೆ ಅದೇ ಮಾತು ‘ಬೇಡ’. ಯಾರಿಗೆ ಹೇಳಬಹುದು ಎಂಬುದೂ ಅಷ್ಟೇ ಮುಖ್ಯ. ‘ಪೇನ್ ಇನ್ ದ ನೆಕ್’ ಎಂದು ಗೆಳತಿಯ ಹತ್ತಿರ ಬಾಸ್ ಬಗ್ಗೆ ಗೊಣಗಬಹುದು, ಬಾಸ್ ಎದುರು ಸಲ್ಲದು. ‘ಅನೌಪಚಾರಿಕ’ ಎಂಬ ಒಂದು ಪದದ ಸೂಚನೆಯಿಂದ ಇಷ್ಟೆಲ್ಲ ತಿಳಿಯುವುದಿಲ್ಲ.

ಆದ್ದರಿಂದ ಈ ಪುಸ್ತಕವನ್ನು ಕೊಳ್ಳುವವರು ದಿನಕ್ಕೊಂದು ಪಾಠ ಮುಗಿಸುವ ಹಟ ಬಿಡಲಿ. ಒಂದು ಪಾಠ ಓದಿ, ಅದರಲ್ಲಿರುವ ಮಾತುಗಳನ್ನು ಸಂದರ್ಶನಗಳಲ್ಲಿ, ಧಾರಾವಾಹಿಗಳಲ್ಲಿ, ಕ್ರಿಕೆಟ್ ಕಾಮೆಂಟರಿಯಲ್ಲಿ ಕೇಳಿ ಗುರುತಿಸಲಿ. ಬಾಯಿಂದ ಆಡುವ ಆತುರ ಬೇಡ. ಮೊದಲು ಕೇಳಿದ್ದು ಅರ್ಥವಾದರೆ ಅರ್ಧ ಕೆಲಸ ಆದಂತೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ಒಂದು ಮನವಿಯಿದೆ. ನುಡಿಗಟ್ಟನ್ನು ಒಂಟಿಯಾಗಿ ಕೊಟ್ಟು ಅರ್ಥ ಕೇಳಬೇಡಿ. ಇಬ್ಬರ ಎರಡು ಸಾಲಿನ ಸಂಭಾಷಣೆ ಕೊಟ್ಟು, ಈ ಮಾತು ಇಲ್ಲಿ ಸರಿಹೋಗುತ್ತದೆಯೇ ಎಂದು ಕೇಳಿ. ಪ್ರಶ್ನೆ ಬದಲಾದರೆ ಗೈಡುಗಳೂ ಬದಲಾಗುತ್ತವೆ.