ಹಿತುಕಿದವರೆಯ ಭಾನುವಾರ

ಧನುರ್ಮಾಸದ ಚಳಿ, ತಲೆ ತಿನ್ನುವ ಆಫೀಸಿನ ಕಿರಿಕಿರಿ. ಇವೆರಡೂ ಜತೆಯಾದಾಗ ನಾನು ನಂಬುವ ಮದ್ದು ಒಂದೇ: ಬೋಗುಣಿ ತುಂಬ ನೆನೆದ ಅವರೆಕಾಳು. ಶನಿವಾರ ರಾತ್ರಿ ನೀರಿಗೆ ಹಾಕಿಟ್ಟರೆ ಬೆಳಗಿನ ಹೊತ್ತಿಗೆ ಸಿಪ್ಪೆ ಸಡಿಲ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿತುಕಬೇಕು. ಪುಳಕ್ಕನೆ ಬೇಳೆ ಜಾರಿ ಪಾತ್ರೆಗೆ ಬೀಳುತ್ತದೆ. ಕೆಲವು ಗುರಿ ತಪ್ಪಿ ಸೋಫಾದ ಕೆಳಗೂ ಹೋಗುತ್ತವೆ, ಹೋಗಲಿ. ಕೈಯೆಲ್ಲ ಅಂಟಂಟು, ಫೋನ್ ಮುಟ್ಟುವಂತಿಲ್ಲ. ಅರ್ಧ ನೆಮ್ಮದಿ ಅಲ್ಲೇ! ಮೊದಲ ಹತ್ತು ನಿಮಿಷ ಮೇಲಧಿಕಾರಿಯ ಮಾತು ತಲೆಯಲ್ಲಿ ಸುತ್ತುತ್ತಿರುತ್ತದೆ. ಆಮೇಲೆ ಬೆರಳುಗಳಿಗೆ ಲಯ ಸಿಕ್ಕಿ, ಆ ಮಾತು ಎಲ್ಲಿ ನಿಂತಿತೆಂಬುದೇ ನೆನಪಿರುವುದಿಲ್ಲ.

ಬೆಂಗಳೂರಿನ ಮಾರುಕಟ್ಟೆಗಳಲ್ಲಿ ಹಿತುಕಿದ ಬೇಳೆಯೇ ತೂಕಕ್ಕೆ ಸಿಗುತ್ತದೆ. ಕೊಂಡರೆ ತಪ್ಪೇನಿಲ್ಲ; ಆದರೆ ಕಡಲೆಕಾಯಿಯನ್ನು ಬೇರೆಯವರಿಂದ ಸುಲಿಸಿಕೊಂಡು ತಿಂದ ಹಾಗೆ.

ಸಾರಿನ ಕೆಲಸ ಹೆಚ್ಚಿಲ್ಲ. ತೆಂಗಿನಕಾಯಿ, ಕೊತ್ತಂಬರಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಿ ಬೇಳೆಯ ಜತೆ ಕುದಿಸಿದರಾಯಿತು. ಸೊಗಡು ಏಳುತ್ತಿದ್ದಂತೆ ಪಕ್ಕದ ಮನೆಯವರು, "ಅವರೆಬೇಳೆ ಸಾರಾ?" ಎಂದು ಕಿಟಕಿಯಿಂದಲೇ ಕೇಳುತ್ತಾರೆ. ಅವರಿಗೊಂದು ಬಟ್ಟಲು, ನಮಗೆ ಬಿಸಿ ರಾಗಿಮುದ್ದೆ, ಸಿಪ್ಪೆಯೆಲ್ಲ ಬೀದಿಯ ಹಸುವಿಗೆ.