‘ಕಥಾಮಾಲೆ’ ಮತ್ತು ಬಾಸೆಲ್ ಮಿಷನ್ನಿನ ಧರ್ಮಶಿಕ್ಷಣ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಫರ್ಡಿನಾಂಡ್ ಕಿಟ್ಟೆಲರ ಹೆಸರು 1894ರ ನಿಘಂಟಿನೊಡನೆ ಬೆರೆತುಹೋಗಿದೆ. 1853ರಲ್ಲಿ ಅವರು ಬಂದದ್ದು ಬಾಸೆಲ್ ಮಿಷನ್ನಿನ ಧರ್ಮೋಪದೇಶಕರಾಗಿ ಎಂಬ ಸಂಗತಿ ಅಲ್ಲಿ ಅಡಿಟಿಪ್ಪಣಿಯ ಮಟ್ಟದ್ದು. ಈ ಉಪೇಕ್ಷೆಗೆ ಮುಖ್ಯವಾಗಿ ಗುರಿಯಾದ ಕೃತಿ 1862ರ ‘ಕಥಾಮಾಲೆ’.

ಲೂಥರನ್ ಪರಂಪರೆಯ ಧರ್ಮಶಿಕ್ಷಣಕ್ಕೆ ಎರಡು ಮೂಲಗಳುಂಟು. 1529ರಲ್ಲಿ ಲೂಥರ್ ಬರೆದ ಕಿರು ಪ್ರಶ್ನೋತ್ತರಿ ಮನೆಯ ಯಜಮಾನನು ಮಕ್ಕಳಿಗೂ ಆಳುಗಳಿಗೂ ಬಾಯಿಪಾಠ ಮಾಡಿಸಬೇಕಾದದ್ದು. ಇನ್ನೊಂದು, 1670ರಲ್ಲಿ ಸ್ಪೇನರ್ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ಆರಂಭಿಸಿದ ಭಕ್ತರ ಸಣ್ಣ ಕೂಟ. ವ್ಯುರ್ಟೆಂಬರ್ಗ್ ಪ್ರಾಂತದಲ್ಲಿ ಇಂತಹ ಕೂಟಗಳಿಗೆ 1743ರಲ್ಲಿ ರಾಜಾನುಮತಿ ದೊರೆಯಿತು. ಹರ್ಮನ್ ಮೋಗ್ಲಿಂಗ್ ಆ ಪ್ರಾಂತದವರು. ಮಂಗಳೂರಿನಲ್ಲಿ ಅವರು ಶಿಷ್ಯರೊಡನೆ ಒಂದೇ ಮನೆಯಲ್ಲಿ ಬಾಳಿದ್ದಕ್ಕೂ ಈ ಕೂಟಕ್ಕೂ ನಂಟಿದೆ.

ಪ್ರಶ್ನೋತ್ತರಿ ಭಾಷಾಂತರಕ್ಕೆ ಸುಲಭವಾಗಿ ಒಗ್ಗುತ್ತದೆ, ಕೂಟ ಒಗ್ಗದು. ಕೂಡಿದವರು ಹಾಡಬೇಕು, ಜರ್ಮನ್ ರಾಗಕ್ಕೆ ಕನ್ನಡ ಪದ ಹೊಂದಿಸಿದರೆ ಲಘು ಗುರುಗಳ ಮರ್ಯಾದೆ ಉಳಿಯುವುದು ಕಷ್ಟ. ಜೈಮಿನಿಯ ವಾಚನ ಕೇಳಿ ಬೆಳೆದ ಕಿವಿಗೆ ಅದು ಪರಕೀಯವೇ ಸರಿ. ಕಿಟ್ಟೆಲರು ಯೇಸುವಿನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಹೊರಟದ್ದರ ಮಹತ್ವ ಇಲ್ಲಿದೆ. ಮಹಾಕಾವ್ಯದ ಅಳತೆಗೋಲಿನಿಂದ ಅದನ್ನು ಅಳೆಯುವುದು ಅನುಚಿತ. ಕೂಟದ ಬಾಯಿಗೆ ಅದು ಒದಗುತ್ತದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ಅವರು ಸಂಪಾದಿಸಿದ ‘ಶಬ್ದಮಣಿದರ್ಪಣ’ (1872), ‘ಛಂದೋಂಬುಧಿ’ (1875) ಎರಡನ್ನೂ ಧರ್ಮಪ್ರಚಾರದಿಂದ ಬೇರ್ಪಟ್ಟ ಶುದ್ಧ ವಿದ್ವತ್ತೆಂದು ಕೊಂಡಾಡುವುದು ವಾಡಿಕೆ. ನಾಗವರ್ಮನ ಛಂದಸ್ಸನ್ನು ಅಚ್ಚಿಗೆ ತರುವ ಹದಿಮೂರು ವರ್ಷ ಮೊದಲೇ ಅವರು ಆ ಛಂದಸ್ಸಿನ ಕಷ್ಟವನ್ನು ಉಪದೇಶಕರಾಗಿ ಕೈಯಾರೆ ಅನುಭವಿಸಿದ್ದರು.