ಕರಪತ್ರದಲ್ಲಿ ಇಲ್ಲದ ಕೆಲಸ

ಹಿಂದೆ ಒಂದು ಅವಧಿಗೆ ಜಿಲ್ಲಾ ಪಂಚಾಯಿತಿ ಸದಸ್ಯೆಯಾಗಿದ್ದ ಪರಿಚಯದವರೊಬ್ಬರು ಮೊನ್ನೆ ಮನೆಗೆ ಬಂದಿದ್ದರು. ಚುನಾವಣೆ ಇವತ್ತಲ್ಲ ನಾಳೆ ಬರಬಹುದು ಎಂದು ಕಾಯುತ್ತಿರುವವರು. ಕರಪತ್ರದ ಕರಡು ಕೈಗಿಟ್ಟು, ‘ಕಾಗುಣಿತ ಒಂಚೂರು ನೋಡಿಕೊಡಿ’ ಎಂದರು. ಮೇಲೆ ಕೈಮುಗಿದ ಫೋಟೊ, ಕೆಳಗೆ ಆರು ಸಾಲು. ಸಿ.ಸಿ. ರಸ್ತೆ, ಬಾಕ್ಸ್ ಚರಂಡಿ, ಹೈಮಾಸ್ಟ್ ದೀಪ, ಕೊಳವೆಬಾವಿ, ಸಮುದಾಯ ಭವನಕ್ಕೆ ಅನುದಾನ, ದೇವಸ್ಥಾನದ ಅಂಗಳಕ್ಕೆ ಇಂಟರ್‌ಲಾಕ್. ಕಾಗುಣಿತದಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಕಂಡ ತಪ್ಪು ಬೇರೆ.

ಶಿವಮೊಗ್ಗ, ಭದ್ರಾವತಿ ಸೀಮೆಯಲ್ಲಿ ಯಾರನ್ನೇ ಕೇಳಿ, ಒಳ್ಳೆಯ ಮೆಂಬರ್ ಎಂದರೆ ಯಾರು ಎಂಬುದಕ್ಕೆ ಉತ್ತರ ಸಿದ್ಧವಾಗಿರುತ್ತದೆ: ಫೋನ್ ಎತ್ತುವವರು, ಅನುದಾನ ತರುವವರು, ನಮ್ಮ ಓಣಿಗೆ ಕೆಲಸ ಮಾಡಿಸಿಕೊಟ್ಟವರು. ಮತ್ತೊಮ್ಮೆ ಗೆಲ್ಲಬೇಕೆನ್ನುವವರೂ ಇದನ್ನೇ ನಂಬಿದ್ದಾರೆ, ಪತ್ರಿಕೆಗಳೂ ಇದೇ ಅಳತೆಗೋಲು ಹಿಡಿದು ವರದಿ ಬರೆಯುತ್ತವೆ. ಈ ಅಳತೆಗೋಲೇ ನಮ್ಮ ಜಿಲ್ಲಾ ಪಂಚಾಯಿತಿಯನ್ನು ಕೊಂದಿತು ಎಂಬುದು ನನ್ನ ವಾದ.

ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಣಕಾಲುದ್ದ ಕೆಸರಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಿಗೆ ರಸ್ತೆ ಸಣ್ಣ ವಿಷಯವಲ್ಲ. ಆದರೆ ಆ ರಸ್ತೆಗೆ ಗ್ರಾಮ ಪಂಚಾಯಿತಿ ಇದೆ, ಲೋಕೋಪಯೋಗಿ ಇಲಾಖೆ ಇದೆ, ಶಾಸಕರ ನಿಧಿಯೂ ಇದೆ. ಜಿಲ್ಲಾ ಪಂಚಾಯಿತಿ ಸದಸ್ಯರಿಗೆ ಮಾತ್ರ ಸಾಧ್ಯವಿದ್ದ ಕೆಲಸ ಯಾವುದು ಎಂಬ ಪ್ರಶ್ನೆಯನ್ನು ನಾವು ಕೇಳಲೇ ಇಲ್ಲ.

ಕುವೆಂಪು ರಸ್ತೆಯ ಜಿಲ್ಲಾ ಪಂಚಾಯಿತಿ ಕಚೇರಿಯ ಸಭಾಂಗಣಕ್ಕೆ ಅಬ್ದುಲ್ ನಜೀರ್‌ಸಾಬ್ ಹೆಸರಿದೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್‌ಸಾಬ್’ ಎಂದು ಕರೆದರು, ಇವತ್ತಿಗೂ ಹಾಗೆಯೇ ನೆನೆಯುತ್ತಾರೆ. ಅವರ ದೊಡ್ಡ ಕೆಲಸ ನೀರಿನದಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅವರು ಮುಂದೆ ನಿಂತು ತಂದ 1983ರ ಕಾಯ್ದೆಯಿಂದ 1987ರ ಜನವರಿಯಲ್ಲಿ, ಇಂದಿನ ಜಿಲ್ಲಾ ಪಂಚಾಯಿತಿಗಳ ಹಿಂದಿನ ರೂಪವಾದ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಎಂಬ ಹುದ್ದೆಯಲ್ಲಿ ಐಎಎಸ್ ಅಧಿಕಾರಿ. ಜಿಲ್ಲೆಯ ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಇವಕ್ಕೆಲ್ಲ ಜಿಲ್ಲೆಯಲ್ಲೇ ಆಯ್ಕೆಯಾದವರು ಉತ್ತರ ಕೇಳಬೇಕು, ಉತ್ತರ ಕೊಡಲೂಬೇಕು ಎಂಬುದು ನಜೀರ್‌ಸಾಬರ ಕಲ್ಪನೆ. ನೀರ್‌ಸಾಬರನ್ನು ನಾವು ಕೊಳವೆಬಾವಿಗೆ ನೆನೆಸಿಕೊಂಡು ಕಾಯ್ದೆಗೆ ಮರೆತೆವು. ಕರಪತ್ರದ ಆರು ಸಾಲಿನ ಮೂಲ ಆ ಮರೆವಿನಲ್ಲೇ ಇದೆ.

ಈಗಿನ ಸ್ಥಿತಿ ನೋಡಿ. ಜಿಲ್ಲಾ ಪಂಚಾಯಿತಿಗೆ ಸ್ವಂತ ತೆರಿಗೆ ಹಾಕುವ ಅಧಿಕಾರವಿಲ್ಲ. ಬೆಂಗಳೂರಿನಲ್ಲಿ ಬಜೆಟ್ ಮಂಡನೆಯಾಗುವಾಗ ಅದರ ಜೊತೆ ಲಿಂಕ್ ಡಾಕ್ಯುಮೆಂಟ್ ಎಂಬ ಸಂಪುಟ ಬರುತ್ತದೆ. ಯಾವ ಜಿಲ್ಲೆಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಎಂಬುದು ಅಲ್ಲೇ ತೀರ್ಮಾನವಾಗಿರುತ್ತದೆ, ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಉಳಿದ ಚೂರನ್ನು ಸದಸ್ಯರಿಗೆ ತಲಾ ಇಷ್ಟು ಎಂದು ಹಂಚಿಕೊಳ್ಳುವ ರೂಢಿ ರಾಜ್ಯದ ಎಲ್ಲೆಡೆ ಬೆಳೆಯಿತು. ಹಂಚಿದ ಹಣ ಸಣ್ಣದು, ಆದ್ದರಿಂದ ಕಾಮಗಾರಿಯೂ ಸಣ್ಣದು. ನಲವತ್ತು ಮೀಟರ್ ಕಾಂಕ್ರೀಟ್ ಹಾಕಿ, ಯಾರದೋ ಹಿತ್ತಿಲ ಬೇಲಿಯ ಎದುರು ನಿಂತುಬಿಡುವ ರಸ್ತೆಗಳನ್ನು ನೀವೂ ನೋಡಿದ್ದೀರಿ. ರಸ್ತೆ ಮುಗಿದದ್ದು ಊರು ಮುಗಿದದ್ದಕ್ಕಲ್ಲ, ಪಾಲು ಮುಗಿದದ್ದಕ್ಕೆ. ಪಕ್ಕದಲ್ಲಿ ಗುದ್ದಲಿಪೂಜೆಯ ಫಲಕ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ತುಂಡುಗುತ್ತಿಗೆ ಎಂಬ ಮಾತು ಹಳ್ಳಿಯ ಮಕ್ಕಳಿಗೂ ಗೊತ್ತು. ತುಂಡಾದದ್ದು ಸದಸ್ಯತ್ವವೂ ಹೌದು.

ನಗರದಲ್ಲೂ ಕತೆ ಇದೇ. ಶಿವಮೊಗ್ಗ ಮಹಾನಗರ ಪಾಲಿಕೆಗೆ 35 ವಾರ್ಡು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆಯ ಮನೆಗಳಿಗೆ ನೀರು ನುಗ್ಗಿದಾಗ ಒಂದು ಸತ್ಯ ಎಲ್ಲರಿಗೂ ಕಣ್ಣಾರೆ ಕಂಡಿತು: ನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ಮೇಲಿನ ವಾರ್ಡಿನಲ್ಲಿ ಚರಂಡಿಯನ್ನು ಅಚ್ಚುಕಟ್ಟಾಗಿ ಕಾಂಕ್ರೀಟ್ ಮಾಡಿ ಸನ್ಮಾನ ಮಾಡಿಸಿಕೊಂಡವರು, ಅದೇ ನೀರನ್ನು ಇನ್ನಷ್ಟು ವೇಗವಾಗಿ ಕೆಳಗಿನ ವಾರ್ಡಿಗೆ ತಳ್ಳಿರುತ್ತಾರೆ. ಇಬ್ಬರೂ ‘ಕೆಲಸ ಮಾಡಿದ’ ಸದಸ್ಯರೇ. ರಾಜಕಾಲುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದರ ಅಗಲ ಎಲ್ಲೆಲ್ಲಿ ಕಿರಿದಾಗಿದೆ ಎಂದು ಸಭೆಯಲ್ಲಿ ನಕ್ಷೆ ಹರಡಿ ಕೇಳುವ ಸದಸ್ಯರು ಆ ಊರಿಗೆ ಬೇಕಿತ್ತು. ಹಾಗೆ ಕೇಳಿದವರಿಗೆ ಒಂದು ಮತವೂ ಹೆಚ್ಚು ಬರುವುದಿಲ್ಲ ಎಂದು ನಾವೇ ಕಲಿಸಿಕೊಟ್ಟಿದ್ದೇವೆ.

ಭದ್ರಾವತಿಯಲ್ಲಿ ಇದರದೇ ಇನ್ನೊಂದು ಮುಖವಿದೆ. ಅಲ್ಲಿ ವಾರ್ಡಿನ ಅಭ್ಯರ್ಥಿಯೂ ಕಾರ್ಖಾನೆಯ ಮಾತಾಡಲೇಬೇಕು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ, ಅಂದರೆ ಇಂದಿನ ವಿಐಎಸ್‌ಎಲ್ ಅನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಸರಿಯಾಗಿ ನೂರು ವರ್ಷಕ್ಕೆ. ಊರಿನ ಕಾಗದ ಕಾರ್ಖಾನೆ ಎಂಪಿಎಂನಲ್ಲಿ 2015ರಲ್ಲೇ ತಯಾರಿಕೆ ನಿಂತಿತ್ತು. ಆ ಊರಿನ ಸಂಕಟ ನನ್ನದೂ ಹೌದು. ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ ನಾನು ಊಟ ಮಾಡಿದ್ದೇನೆ. ಆದರೆ ವಿಐಎಸ್‌ಎಲ್‌ನ ತೀರ್ಮಾನ ದಿಲ್ಲಿಯದು, ಎಂಪಿಎಂನದು ಬೆಂಗಳೂರಿನದು. ನಗರಸಭೆಯ ಕೈಯಲ್ಲಿರುವುದು ಭದ್ರಾ ನದಿಗೆ ಸೇರುವ ಕೊಳಚೆ, ಕುಡಿಯುವ ನೀರು, ಮನೆಕಂದಾಯ. ಕೈಗೆ ಸಿಗದ ಕಾರ್ಖಾನೆಯ ಭರವಸೆ ಒಂದು ಕಡೆ, ಓಣಿಯ ಇಂಟರ್‌ಲಾಕ್ ಇನ್ನೊಂದು ಕಡೆ. ಅವೆರಡರ ನಡುವೆ ಸಭೆಯ ನಿಜವಾದ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ.

‘ನಮ್ಮ ಕ್ಷೇತ್ರಕ್ಕೆ ನಾವು ದುಡಿಯದೆ ಇನ್ಯಾರಿಗೆ ದುಡಿಯೋದು?’ ಎಂದು ಆ ಸದಸ್ಯೆ ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಯಾವುದು ನಿಮ್ಮ ಕ್ಷೇತ್ರ? ಮೀಸಲಾತಿ ಬದಲಾಗುತ್ತಲೇ ಇರುತ್ತದೆ, ಮರುವಿಂಗಡಣೆಯಲ್ಲಿ ಗಡಿಗಳೂ ಕದಲುತ್ತವೆ. ಒಮ್ಮೆ ಆನವೇರಿ ಕಡೆಯಿಂದ ಗೆದ್ದವರು ಮುಂದಿನ ಸಲ ಹೊಳೆಹೊನ್ನೂರಿನ ಕಡೆ ಮತ ಕೇಳಬೇಕಾಗಬಹುದು. ಅಲ್ಲಿಯವರಿಗೆ ಇಲ್ಲಿಯ ಸಿ.ಸಿ. ರಸ್ತೆಯಿಂದ ಏನಾಗಬೇಕು? ಮೀಸಲಾತಿ ಸರದಿ ಬಂದು ಹೊಣೆಗಾರಿಕೆ ಹಾಳಾಯಿತು ಎಂದು ಗೊಣಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಓಣಿಯ ಲೆಕ್ಕ ಬಿಟ್ಟು ಇಡೀ ಜಿಲ್ಲೆಯ ಲೆಕ್ಕ ಕೊಡಿ ಎಂದು ಸದಸ್ಯರನ್ನು ಒತ್ತಾಯಿಸುವ ಏಕೈಕ ವ್ಯವಸ್ಥೆ ಅದು.

ಜಿಲ್ಲೆಯ ಲೆಕ್ಕ ಎಂದರೇನು ಎಂಬುದಕ್ಕೆ ಮಂಗನಕಾಯಿಲೆ ಸಾಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ರೋಗ. ಅಂದಿನಿಂದ ಬೇಸಿಗೆ ಬಂತೆಂದರೆ ಕಾಡಂಚಿನ ಮನೆಗಳಿಗೆ ಎದೆಬಡಿತ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ಜಿಲ್ಲಾ ಪಂಚಾಯಿತಿಯ ಆಡಳಿತಕ್ಕೆ ಸೇರಿದವು, ಶಿಕ್ಷಣ ಮತ್ತು ಆರೋಗ್ಯಕ್ಕೆಂದೇ ಕಾಯ್ದೆಯಲ್ಲಿ ಸ್ಥಾಯಿ ಸಮಿತಿ ಇದೆ. ಮೈಗೆ ಹಚ್ಚಿಕೊಳ್ಳುವ ಎಣ್ಣೆ ಯಾವ ತಿಂಗಳು ಮನೆ ತಲುಪಿತು, ಯಾವ ಕೇಂದ್ರದಲ್ಲಿ ವೈದ್ಯರಿಲ್ಲ, ಮಂಗ ಸತ್ತ ಸುದ್ದಿ ಬಂದ ಎಷ್ಟು ದಿನಕ್ಕೆ ಸಿಬ್ಬಂದಿ ಹೋದರು, ಇದನ್ನು ಬಯಲುಸೀಮೆಯ ಅಂಚಿನ ಭದ್ರಾವತಿ ತಾಲ್ಲೂಕಿನ ಸದಸ್ಯರೂ ಕೇಳಬೇಕು. ಅದಕ್ಕಾಗಿಯೇ ಅದು ಜಿಲ್ಲಾ ಸಭೆ.

ಈಗ ಆ ಸಭೆಯೇ ಇಲ್ಲ. ಜಿಲ್ಲಾ ಪಂಚಾಯಿತಿಗೆ ನಾವು ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರ ಚುನಾವಣಾ ಆಯೋಗದ ಕೈಯಿಂದ ತೆಗೆದು ಹೊಸ ಆಯೋಗಕ್ಕೆ ಕೊಟ್ಟಿತು. ವರ್ಷಗಳು ಉರುಳಿದವು. ಪಕ್ಷ ಬದಲಾಯಿತು, ಮುಖ್ಯಮಂತ್ರಿಗಳು ಬದಲಾದರು, ವಿಳಂಬ ಮಾತ್ರ ಬದಲಾಗಲಿಲ್ಲ. ಪಾಲಿಕೆಯ ಅವಧಿಯೂ 2023ರ ನವೆಂಬರ್‌ನಲ್ಲಿ ಮುಗಿಯಿತು. ಪಂಚಾಯಿತಿಯ ಅವಧಿ ತೀರುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲೂ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಸ್ಥಳೀಯ ಚುನಾವಣೆ ತಡವಾಗಕೂಡದು ಎಂದೇ ಹೇಳಿತು. ಇದು ಆಗದ ಮಾತೂ ಅಲ್ಲ. ಕೊರೊನಾ ಎರಡನೇ ಅಲೆ ಭುಗಿಲೆದ್ದಿದ್ದ 2021ರ ಏಪ್ರಿಲ್ 27ರಂದು ಇದೇ ಜಿಲ್ಲೆಯ ಭದ್ರಾವತಿಯಲ್ಲಿ, ತೀರ್ಥಹಳ್ಳಿಯಲ್ಲಿ ಜನ ಮಾಸ್ಕ್ ಕಟ್ಟಿಕೊಂಡು ಸಾಲಲ್ಲಿ ನಿಂತು ಮತ ಹಾಕಿ ಬಂದಿದ್ದಾರೆ.

ಇಷ್ಟು ವರ್ಷ ಜಿಲ್ಲಾ ಸಭೆ ಇಲ್ಲದಿದ್ದರೂ ಬೀದಿಯಲ್ಲಿ ಒಂದು ಕೂಗು ಏಳಲಿಲ್ಲ, ಏಕೆ? ‘ಅಧಿಕಾರಿಗಳೇ ವಾಸಿ, ಕೆಲಸ ನಿಂತಿಲ್ವಲ್ಲ’ ಎನ್ನುತ್ತಾರೆ ಜನ. ಅಳತೆಗೋಲು ರಸ್ತೆಯೇ ಆಗಿದ್ದರೆ ಅವರು ಹೇಳುವುದು ಸರಿ. ರಸ್ತೆಯನ್ನು ಎಂಜಿನಿಯರ್ ಹಾಕಿಸಬಲ್ಲ, ಅದಕ್ಕೆ ಸದಸ್ಯ ಬೇಕಿಲ್ಲ. ನಾವು ಸದಸ್ಯರನ್ನು ಗುತ್ತಿಗೆದಾರರ ಪಕ್ಕದಲ್ಲಿ ನಿಲ್ಲಿಸಿ ಅಳೆದೆವು, ಆದ್ದರಿಂದಲೇ ಅವರಿಲ್ಲದ ಕೊರತೆ ನಮಗೆ ಕಾಣಲಿಲ್ಲ. ಶಾಸಕರು ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಪ್ರಶ್ನೆ ಕೇಳುತ್ತಾರೆ, ನಿಜ. ಆದರೆ ಏಳು ತಾಲ್ಲೂಕಿನ ಶಾಲೆ, ಆಸ್ಪತ್ರೆಗಳ ಕಡತ ಹಿಡಿದು ಕೂರುವುದು ಅವರ ಕೆಲಸವಲ್ಲ, ಅವರಿಗೆ ಅಷ್ಟು ಹೊತ್ತೂ ಇಲ್ಲ. ಅದೂ ಅಲ್ಲದೆ ನಾಳಿನ ಶಾಸಕರು ಕಲಿಯುವುದೆಲ್ಲಿ? 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾದ ಯಡಿಯೂರಪ್ಪನವರು ಮುಖ್ಯಮಂತ್ರಿಯಾದರು. ಅವರ ರಾಜಕಾರಣ ಒಪ್ಪದವರೂ ಆ ಏಣಿಯನ್ನು ಒಪ್ಪಲೇಬೇಕು. ಆ ಏಣಿಯ ಕೆಳಗಿನ ಮೆಟ್ಟಿಲನ್ನೇ ಈಗ ಕಿತ್ತಿಟ್ಟಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಆ ಸದಸ್ಯೆಯನ್ನು, ‘ನಿಮ್ಮ ಅವಧಿಯಲ್ಲಿ ನಿಮಗೆ ಹೆಮ್ಮೆ ಅನ್ನಿಸಿದ ಕೆಲಸ ಯಾವುದು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಚೀಲದಿಂದ ಒಂದು ಹಳೆಯ ನಡಾವಳಿ ಪುಸ್ತಕ ತೆಗೆದರು. ಅಂಚು ಮಡಚಿದ ಒಂದು ಪುಟ. ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ನಾಲ್ಕು ಸಾಲು. ಒಂದು ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡಿಸಲು ನರ್ಸ್ ಇಲ್ಲದ್ದನ್ನು ಅವರು ಪ್ರಶ್ನಿಸಿದ್ದರು. ಮೂರು ಸಭೆಯಲ್ಲಿ ಅದನ್ನೇ ಕೇಳಿದ್ದರು, ಮೂರನೆಯದರ ಅನುಪಾಲನಾ ವರದಿಯಲ್ಲಿ ನೇಮಕವಾದ ಉಲ್ಲೇಖವಿತ್ತು. ಆ ಊರು ಅವರ ಕ್ಷೇತ್ರದ್ದಲ್ಲ.

‘ಇದು ಕರಪತ್ರದಲ್ಲಿ ಇಲ್ಲವಲ್ಲ’ ಎಂದೆ.

‘ಇದಕ್ಕೆಲ್ಲಿ ಫೋಟೊ ಇದೆ? ಅಲ್ಲಿನವರಿಗೂ ಗೊತ್ತಿಲ್ಲ, ನಾನು ಕೇಳಿದ್ದು ಅಂತ.’

ಮತ್ತೆ ಗೆದ್ದರೆ ಯಾವ ಸ್ಥಾಯಿ ಸಮಿತಿ ಕೇಳುತ್ತೀರಿ ಎಂದೆ. ‘ಶಿಕ್ಷಣ, ಆರೋಗ್ಯ’ ಎಂದರು, ಒಂದು ಕ್ಷಣವೂ ತಡಮಾಡದೆ. ಹಾಗಾದರೆ ಅದನ್ನೇ ಬರೆಯಿರಿ, ನಡಾವಳಿಯ ಪುಟವನ್ನೂ ಅಚ್ಚುಹಾಕಿಸಿ, ಚುನಾವಣೆ ಯಾಕೆ ನಡೆದಿಲ್ಲ ಎಂದೂ ಕೇಳಿ ಎಂದೆ. ಜನ ಏನಂತಾರೋ ಎಂದು ಅನುಮಾನಿಸುತ್ತಲೇ ಪೆನ್ ತೆಗೆದುಕೊಂಡು, ಇಂಟರ್‌ಲಾಕ್ ಸಾಲಿನ ಕೆಳಗೆ, ಏಳನೆಯದಾಗಿ ಬರೆದುಕೊಂಡರು. ಅದು ಮೊದಲನೆಯದಾಗಿರಬೇಕು ಎಂದು ಬಾಗಿಲವರೆಗೂ ಹೇಳುತ್ತಾ ಹೋದೆ.